ಕೂಡದ ಮೂಳೆಗೆ ಮಜ್ಜೆಯ ಚುಚ್ಚುಮದ್ದು: ಒಂದು ಸ್ಟೆಮ್ ಸೆಲ್ ಪ್ಯಾಕೇಜಿನ ವಿಮರ್ಶೆ

ಬೆಂಗಳೂರಿನ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ನಾನು ಹಣ ಕೊಟ್ಟು ಪಡೆದ ‘ಸ್ಟೆಮ್ ಸೆಲ್ ಮೂಳೆ–ಸ್ನಾಯು ಪುನಶ್ಚೇತನ ಪ್ಯಾಕೇಜ್’ ಎಂಬ ಸೇವೆಯ ವಿಮರ್ಶೆ ಇದು. ಸ್ಟೆಮ್ ಸೆಲ್ ಎಂದರೆ ಆಕರಕೋಶ, ವಿಭಜಿಸುತ್ತ ಬೇರೆ ಬಗೆಯ ಕೋಶಗಳನ್ನು ಹುಟ್ಟಿಸಬಲ್ಲ ಕೋಶ. ಚಿಕಿತ್ಸಾಲಯದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಂಥ ಸೇವೆ ಬೇರೆಡೆಯೂ ಸಿಗುವುದರಿಂದ, ಓದುಗರಿಗೆ ಹೆಸರಿಗಿಂತ ವಿವರವೇ ಹೆಚ್ಚು ಉಪಯೋಗಕ್ಕೆ ಬಂದೀತು.

ಬೈಕ್ ಅಪಘಾತದಲ್ಲಿ ನನ್ನ ಎಡಗಾಲಿನ ಮೊಣಕಾಲಿನ ಕೆಳಗಿನ ದಪ್ಪ ಮೂಳೆ, ಪಾದಕ್ಕೆ ಹತ್ತಿರದ ಭಾಗದಲ್ಲಿ ಮುರಿದಿತ್ತು. ಅಲ್ಲಿ ಮೂಳೆಯ ಮೇಲೆ ಮಾಂಸದ ಹೊದಿಕೆಯೂ ರಕ್ತದ ಪೂರೈಕೆಯೂ ಕಡಿಮೆ; ಆದ್ದರಿಂದ ಆ ಜಾಗದ ಮುರಿತ ಕೂಡಿಕೊಳ್ಳುವುದು ತಡವಾಗುತ್ತದೆ. ಒಳಗೆ ರಾಡ್ ಹಾಕಿ ಒಂಬತ್ತು ತಿಂಗಳು ಕಳೆದರೂ ಎಕ್ಸ್‌ರೇಯಲ್ಲಿ ಮುರಿತದ ಗೆರೆ ಹಾಗೆಯೇ ಉಳಿದಿತ್ತು. ಪುತ್ತೂರು ಕಟ್ಟು ಹಾಕಿಸಿಕೊಂಡು ಬಾ ಎಂದು ಬಂಧುಗಳೆಲ್ಲ ಹೇಳಿದರು. ರಾಡ್ ಇರುವ ಕಾಲಿಗೆ ಹೊರಗಿನ ಕಟ್ಟು ಏನು ಮಾಡೀತು ಎಂಬ ನನ್ನ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. ಮೊದಲು ನೋಡಿದ ಮೂಳೆ ವೈದ್ಯರು, ಸೊಂಟದ ಮೂಳೆಯಿಂದ ಚೂರುಗಳನ್ನು ತೆಗೆದು ಮುರಿತದ ಸುತ್ತ ಇರಿಸುವ ಶಸ್ತ್ರಚಿಕಿತ್ಸೆಯನ್ನು ಸೂಚಿಸಿದ್ದರು. ಇನ್ನೊಂದು ದೊಡ್ಡ ಗಾಯದ ಭಯದಿಂದಲೇ ನಾನು ‘ಕೊಯ್ಯದೆ ಮೂಳೆ ಕೂಡಿಸುತ್ತೇವೆ’ ಎಂಬ ಜಾಹೀರಾತಿನ ಬೆನ್ನು ಹತ್ತಿದೆ.

ಒಟ್ಟು 1,40,000 ರೂಪಾಯಿಯ ಪ್ಯಾಕೇಜಿನಲ್ಲಿ 85,000 ರೂಪಾಯಿ ‘ಸ್ಟೆಮ್ ಸೆಲ್ ಸಂಸ್ಕರಣೆ’ಗೆ, 18,000 ರೂಪಾಯಿ ‘ಸ್ನಾಯು ಪುನಶ್ಚೇತನ ಚುಚ್ಚುಮದ್ದಿ’ಗೆ, ಉಳಿದದ್ದು ಕೊಠಡಿ, ಅರಿವಳಿಕೆ, ಶಸ್ತ್ರಚಿಕಿತ್ಸಕರ ಶುಲ್ಕ ಇತ್ಯಾದಿಗೆ. ಬೆನ್ನಿಗೆ ಅರಿವಳಿಕೆ ಕೊಟ್ಟು, ಸೊಂಟದ ಮೂಳೆಯ ಹಿಂಬದಿಗೆ ದಪ್ಪ ಸೂಜಿ ಇಳಿಸಿ 60 ಮಿ.ಲೀ. ಮಜ್ಜೆಯನ್ನು ಎಳೆದರು, ಅದನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಕಾಲು ಗಂಟೆ ತಿರುಗಿಸಿ, ಕೋಶಗಳು ಒತ್ತಾಗಿರುವ ಎಂಟು ಮಿ.ಲೀ. ದ್ರವವನ್ನು ಬೇರ್ಪಡಿಸಿ, ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದ ಪರದೆಯನ್ನು ನೋಡುತ್ತ ಮುರಿತದ ಸಂದಿಗೆ ಚುಚ್ಚಿದರು. ಕೊಠಡಿ ಸ್ವಚ್ಛವಾಗಿತ್ತು, ದಾದಿಯರು ಪ್ರತಿಯೊಂದನ್ನೂ ಮೊದಲೇ ಹೇಳಿ ಮಾಡುತ್ತಿದ್ದರು, ಮರುದಿನವೇ ಮನೆಗೆ ಕಳುಹಿಸಿದರು. ಸೊಂಟದ ನೋವು ಒಂದು ವಾರ ಇತ್ತು. ಇಲ್ಲಿಯವರೆಗೆ ನನ್ನದೊಂದೂ ದೂರಿಲ್ಲ.

ದೂರು ಇರುವುದು ಹೆಸರಿನ ಬಗ್ಗೆ ಮತ್ತು ಎಣಿಕೆಯ ಬಗ್ಗೆ. ಮಜ್ಜೆಯಲ್ಲಿ ಮೂಳೆ ಕಟ್ಟಬಲ್ಲ ಕೋಶಗಳಿವೆ ಎಂಬುದು ಸುಳ್ಳಲ್ಲ. ಸೋವಿಯತ್ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ 1960ರ ದಶಕದಿಂದ ನಡೆಸಿದ ಪ್ರಯೋಗಗಳು ಅದನ್ನು ತೋರಿಸಿವೆ. ಆದರೆ ಅಂಥ ಕೋಶಗಳು ತೀರ ವಿರಳ: ಮಜ್ಜೆಯ ಹತ್ತು ಸಾವಿರ ಕೋಶಗಳಲ್ಲಿ ಒಂದು, ಕೆಲವೊಮ್ಮೆ ಲಕ್ಷಕ್ಕೆ ಒಂದು. ಯಂತ್ರದಲ್ಲಿ ತಿರುಗಿಸಿದ ಮಜ್ಜೆಯೆಂದರೆ ಬಹುಪಾಲು ರಕ್ತಕೋಶಗಳು, ಅವುಗಳ ನಡುವೆ ಚದುರಿದ ಒಂದಿಷ್ಟು ಆಕರಕೋಶಗಳು. ಅದನ್ನು ‘ಸಾಂದ್ರೀಕರಿಸಿದ ಮಜ್ಜೆ’ ಎಂದು ಕರೆಯಬಹುದು. ‘ಸ್ಟೆಮ್ ಸೆಲ್’ ಎಂದು ಬಿಲ್ಲಿನಲ್ಲಿ ಬರೆಯುವುದು, ಒಂದೆರಡು ಗೋಡಂಬಿ ಚೂರು ಬಿದ್ದ ಉಪ್ಪಿಟ್ಟಿಗೆ ಗೋಡಂಬಿಯ ದರ ಹಾಕಿದಂತೆ.

ಕೂಡದ ಮೂಳೆಯ ವಿಷಯದಲ್ಲಿ ಈ ವಿಧಾನಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಪ್ಯಾರಿಸ್ ಬಳಿಯ ಕ್ರೆತೇಯ್‌ನಲ್ಲಿ ಕೆಲಸ ಮಾಡಿದ ಮೂಳೆ ಶಸ್ತ್ರಚಿಕಿತ್ಸಕ ಫಿಲಿಪ್ ಎರ್ನಿಗೂ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನನ್ನಂತೆಯೇ ಕಾಲಿನ ಮೂಳೆ ಕೂಡದಿದ್ದ 60 ಮಂದಿಗೆ ಸಾಂದ್ರೀಕರಿಸಿದ ಮಜ್ಜೆಯನ್ನು ಚುಚ್ಚಲಾಗಿತ್ತು; 53 ಮಂದಿಗೆ ಮೂಳೆ ಕೂಡಿತು. ಹೋಲಿಕೆಗೆ ಚಿಕಿತ್ಸೆ ಇಲ್ಲದ ಇನ್ನೊಂದು ಗುಂಪು ಅಲ್ಲಿರಲಿಲ್ಲ ಎಂಬ ಕೊರತೆ ಇದ್ದರೂ, ಆ ವರದಿಯ ನಿಜವಾದ ಬೆಲೆ ಇರುವುದು ಅದರ ಎಣಿಕೆಯಲ್ಲಿ. ಮೂಳೆ ಕೂಡಿದವರಿಗೆ ಚುಚ್ಚಿದ ಮಜ್ಜೆಯಲ್ಲಿ ಮೂಳೆ ಕಟ್ಟಬಲ್ಲ ಕೋಶಗಳು ಪ್ರತಿ ಘನ ಸೆಂಟಿಮೀಟರಿಗೆ 1,500ಕ್ಕಿಂತ ಹೆಚ್ಚಿದ್ದವು, ಒಬ್ಬೊಬ್ಬರಿಗೆ ಚುಚ್ಚಿದ ಒಟ್ಟು ಕೋಶಗಳ ಸರಾಸರಿ ಸುಮಾರು 55,000; ಕೂಡದ ಏಳು ಮಂದಿಯಲ್ಲಿ ಆ ಒಟ್ಟು ಸರಾಸರಿ 20,000ವನ್ನೂ ಮುಟ್ಟಿರಲಿಲ್ಲ. ಅಂದರೆ ಮಜ್ಜೆ ಚುಚ್ಚಿದರೆ ಸಾಲದು, ಸಾಕಷ್ಟು ಕೋಶಗಳು ಅದರಲ್ಲಿರಬೇಕು. ಒಂದೇ ಜಾಗದಿಂದ ಹೆಚ್ಚು ಎಳೆದರೆ ಮಜ್ಜೆಗೆ ಸಾಧಾರಣ ರಕ್ತ ಬೆರೆತು ತೆಳುವಾಗುತ್ತದೆ. ಆದ್ದರಿಂದ ಹಲವು ಕಡೆ ಸೂಜಿ ಸರಿಸುತ್ತ ಸ್ವಲ್ಪ ಸ್ವಲ್ಪವೇ ಎಳೆಯಬೇಕು.

ನನ್ನ ಡಿಸ್ಚಾರ್ಜ್ ಪತ್ರದಲ್ಲಿ ಮಜ್ಜೆಯ ಪ್ರಮಾಣವಿದೆ, ಯಂತ್ರದ ಕಂಪನಿಯ ಹೆಸರೂ ಇದೆ, ಕೋಶಗಳ ಸಂಖ್ಯೆ ಮಾತ್ರ ಎಲ್ಲಿಯೂ ಇಲ್ಲ. ಮೂಳೆ ಕಟ್ಟಬಲ್ಲ ಕೋಶಗಳನ್ನು ಖಚಿತವಾಗಿ ಎಣಿಸಲು ಪ್ರಯೋಗಾಲಯದಲ್ಲಿ ಅವನ್ನು ದಿನಗಟ್ಟಲೆ ಬೆಳೆಸಿ ನೋಡಬೇಕಾಗುತ್ತದೆ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅದು ಸಾಧ್ಯವಿಲ್ಲ, ಒಪ್ಪುತ್ತೇನೆ. ಆದರೆ ಒಂದು ಹನಿಯನ್ನು ಸಾಮಾನ್ಯ ರಕ್ತಪರೀಕ್ಷೆಯ ಯಂತ್ರಕ್ಕೆ ಹಾಕಿ, ಸಾಂದ್ರೀಕರಣದ ಮೊದಲು ಎಷ್ಟು ಕೋಶಗಳಿದ್ದವು, ಆಮೇಲೆ ಎಷ್ಟಾದವು ಎಂದು ಬರೆದುಕೊಡುವುದಕ್ಕೆ ಗಂಟೆಯೂ ಬೇಡ. ಕೇಳಿದಾಗ, ನಮ್ಮಲ್ಲಿ ಆ ಪದ್ಧತಿ ಇಲ್ಲ ಎಂದರು. 85,000 ರೂಪಾಯಿಗೆ ಕೊಂಡ ವಸ್ತು ಎಷ್ಟಿತ್ತೆಂದು ಕೊಂಡವನಿಗೂ ಗೊತ್ತಿಲ್ಲ, ಮಾರಿದವರಿಗೂ ಗೊತ್ತಿಲ್ಲ.

ಒಪ್ಪಿಗೆ ಪತ್ರದಲ್ಲಿಯೂ ಒಂದು ಮಾತು ಬಿಟ್ಟುಹೋಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರತಂದ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಕೆಲವು ರಕ್ತ ಸಂಬಂಧಿ ಕಾಯಿಲೆಗಳಂಥ ನಿಗದಿತ ಸಂದರ್ಭಗಳಲ್ಲಿ ಮಾಡುವ ರಕ್ತ ಆಕರಕೋಶಗಳ ಕಸಿಯನ್ನು ಬಿಟ್ಟರೆ, ಉಳಿದ ಸ್ಟೆಮ್ ಸೆಲ್ ಬಳಕೆಯೆಲ್ಲ ಕ್ಲಿನಿಕಲ್ ಟ್ರಯಲ್‌ನ, ಅಂದರೆ ರೋಗಿಗಳ ಮೇಲೆ ನಿಯಮಬದ್ಧವಾಗಿ ನಡೆಸುವ ಪ್ರಯೋಗದ, ಚೌಕಟ್ಟಿನಲ್ಲಿಯೇ ನಡೆಯಬೇಕು. ಬರೀ ಸಾಂದ್ರೀಕರಿಸಿದ ಮಜ್ಜೆ ಎಂದಾಗ ಅದು ಶಸ್ತ್ರಚಿಕಿತ್ಸೆಯ ಒಂದು ಕ್ರಮ, ಜಾಹೀರಾತಿಗೆ ಬಂದಾಗ ಸ್ಟೆಮ್ ಸೆಲ್: ಈ ಎರಡು ದೋಣಿಯ ಪಯಣವನ್ನು ರೋಗಿಗೆ ಯಾರೂ ವಿವರಿಸಲಿಲ್ಲ.

ಇನ್ನು ಸ್ನಾಯುವಿನ ಚುಚ್ಚುಮದ್ದು. ಬಳಸದೆ ಸೊರಗಿದ್ದ ಮೀನಖಂಡಕ್ಕೆ ಅದೇ ಮಜ್ಜೆಯಲ್ಲಿ ಸ್ವಲ್ಪವನ್ನು ಚುಚ್ಚಿದರು. ಸ್ನಾಯುವನ್ನು ದುರಸ್ತಿ ಮಾಡುವ ಆಕರಕೋಶಗಳು ಸ್ನಾಯುವಿನಲ್ಲಿಯೇ ಇವೆ. 1961ರಲ್ಲಿ ವಿಜ್ಞಾನಿ ಅಲೆಕ್ಸಾಂಡರ್ ಮೌರೊ ಕಪ್ಪೆಯ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವಾಗ, ನಾರಿನ ಅಂಚಿಗೆ ಅಂಟಿಕೊಂಡು ಕುಳಿತ ಈ ಕೋಶಗಳನ್ನು ಗುರುತಿಸಿ ‘ಸ್ಯಾಟಲೈಟ್ ಸೆಲ್’ ಎಂದು ಕರೆದರು. ನಾರಿಗೆ ಪೆಟ್ಟು ಬಿದ್ದಾಗ, ಭಾರ ಬಿದ್ದಾಗ ಅವು ಎಚ್ಚರಗೊಂಡು ವಿಭಜಿಸಿ ನಾರಿನೊಡನೆ ಬೆಸೆಯುತ್ತವೆ. ಹೊರಗಿನಿಂದ ಕೋಶ ಚುಚ್ಚುವ ದಾರಿ ಸುಲಭದ್ದಲ್ಲ ಎಂಬುದು 1990ರ ದಶಕದಲ್ಲಿ ಡುಶೇನ್ ಸ್ನಾಯುಕ್ಷಯ ಎಂಬ ಆನುವಂಶಿಕ ಕಾಯಿಲೆಯ ಮಕ್ಕಳಲ್ಲಿ ನಡೆದ ಪ್ರಯೋಗಗಳಿಂದಲೇ ತಿಳಿದಿದೆ: ಚುಚ್ಚಿದ ಕೋಶಗಳಲ್ಲಿ ಹೆಚ್ಚಿನವು ಬೇಗನೆ ಸತ್ತವು, ಉಳಿದವು ಸೂಜಿಯ ದಾರಿ ಬಿಟ್ಟು ದೂರ ಹರಡಲಿಲ್ಲ. ಅವು ಸ್ನಾಯುವಿನದೇ ಕೋಶಗಳಾಗಿದ್ದವು. ನನಗೆ ಚುಚ್ಚಿದ್ದು ಮಜ್ಜೆ. ನನ್ನ ಮೀನಖಂಡಕ್ಕೆ ಮಾಂಸ ತುಂಬಿಸಿದ್ದು, ವಾರಕ್ಕೆ ಮೂರು ದಿನ, ಸಲಕ್ಕೆ 500 ರೂಪಾಯಿಯಂತೆ, ಹಿಮ್ಮಡಿ ಎತ್ತಿ ನಿಲ್ಲಿಸಿ ಬೆವರು ಹರಿಸಿದ ಫಿಸಿಯೋಥೆರಪಿಯ ಮೇಡಂ. ಈ ಪ್ಯಾಕೇಜಿನಲ್ಲಿ ಪೂರ್ಣ ಅಂಕ ಕೊಡಬಹುದಾದ ಸೇವೆಯೆಂದರೆ ಅವರದೇ. ಆದರೆ ಅವರು ಪ್ಯಾಕೇಜಿನ ಒಳಗಿರಲಿಲ್ಲ.

ಫಲಿತಾಂಶ ಏನಾಯಿತೆಂದರೆ, ಆರನೆಯ ತಿಂಗಳ ಎಕ್ಸ್‌ರೇಯಲ್ಲಿ ಮೂಳೆ ಕೂಡಿತ್ತು. ಈಗ ಊರುಗೋಲು ಇಲ್ಲದೆ ಮೆಟ್ಟಿಲು ಹತ್ತುತ್ತೇನೆ. ಚಿಕಿತ್ಸಾಲಯದವರು ಅದನ್ನು ತಮ್ಮ ಯಶಸ್ಸಿನ ಪಟ್ಟಿಗೆ ಸೇರಿಸಿಕೊಳ್ಳಲು ನನ್ನ ಫೋಟೋ ಕೇಳಿದರು. ನಾನು ಕೊಡಲಿಲ್ಲ. ಮಜ್ಜೆ ಚುಚ್ಚಿದ ದಿನವೇ ಅದೇ ಮೇಜಿನ ಮೇಲೆ ಶಸ್ತ್ರಚಿಕಿತ್ಸಕರು ರಾಡಿನ ಒಂದು ತುದಿಯ ಸ್ಕ್ರೂಗಳನ್ನೂ ಬಿಚ್ಚಿದ್ದರು. ನಡೆಯುವಾಗ ಮುರಿದ ತುದಿಗಳು ಒಂದನ್ನೊಂದು ಒತ್ತುವಂತೆ ಮಾಡುವ, ಮೂಳೆ ವೈದ್ಯರಿಗೆ ಬಹುಕಾಲದಿಂದ ಪರಿಚಿತವಾದ ಉಪಾಯ ಅದು, ಕೆಲವರಲ್ಲಿ ಅದೊಂದರಿಂದಲೇ ಮೂಳೆ ಕೂಡುತ್ತದೆ. ಬಿಲ್ಲಿನಲ್ಲಿ ಅದಕ್ಕೆ ಬಿದ್ದ ಶುಲ್ಕ 6,000 ರೂಪಾಯಿ. ನನ್ನ ಮೂಳೆಯನ್ನು ಕೂಡಿಸಿದ್ದು ಆರು ಸಾವಿರದ್ದೋ, ಎಂಬತ್ತೈದು ಸಾವಿರದ್ದೋ, ಎರಡೂ ಸೇರಿಯೋ ಎಂದು ಹೇಳಬಲ್ಲ ಎಕ್ಸ್‌ರೇ ಇಲ್ಲ.

ಶುಚಿತ್ವ ಮತ್ತು ಆರೈಕೆಗೆ ಐದರಲ್ಲಿ ನಾಲ್ಕು, ಮಾಹಿತಿಯ ಪ್ರಾಮಾಣಿಕತೆಗೆ ಒಂದು, ಸ್ನಾಯುವಿನ ಚುಚ್ಚುಮದ್ದಿಗೆ ಸೊನ್ನೆ. ಇದೇ ಸ್ಥಿತಿ ಮತ್ತೆ ಬಂದರೆ ಸ್ಕ್ರೂ ಬಿಚ್ಚಿಸಿಕೊಂಡು, ಫಿಸಿಯೋಥೆರಪಿಗೆ ಹೋಗಿ, ಮೂರು ತಿಂಗಳು ಕಾದು ನೋಡುತ್ತೇನೆ. ಆಗಲೂ ಗೆರೆ ಉಳಿದಿದ್ದರೆ, ಕೋಶಗಳ ಎಣಿಕೆಯನ್ನು ಬರೆದುಕೊಡುವ ಆಸ್ಪತ್ರೆಯನ್ನು ಹುಡುಕಿ ಅಲ್ಲಿ ಮಜ್ಜೆಯ ಚುಚ್ಚುಮದ್ದಿಗೆ ಹಣ ಕಟ್ಟುತ್ತೇನೆ.