ಲುಕ್ಲಾ ವಿಮಾನ: ಬ್ಯಾಗ್ ಜೊತೆ ನೀವೂ ತಕ್ಕಡಿ ಹತ್ತಬೇಕು

ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಹೊರಡುವ ನಮ್ಮ ಬೆಂಗಳೂರಿನವರು ಬೂಟು, ಜಾಕೆಟ್ ಬಗ್ಗೆ ನೂರೆಂಟು ಪ್ರಶ್ನೆ ಕೇಳುತ್ತಾರೆ. ಆ ನಡಿಗೆ ಶುರುವಾಗುವ ನೇಪಾಳದ ಬೆಟ್ಟದೂರು ಲುಕ್ಲಾ, ಅಲ್ಲಿಗೆ ಹೋಗುವ ವಿಮಾನದಲ್ಲಿ ತೂಕದ ಕಥೆ ಏನು ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಈ ರಿವ್ಯೂ. ಕಂಪನಿ ಹೆಸರು ಹೇಳಲ್ಲ, ಸ್ವಲ್ಪ ಬೈಯೋದೂ ಇದೆ.

ಸೀಸನ್‌ನಲ್ಲಿ ಹೆಚ್ಚಿನ ವಿಮಾನಗಳು ಕಠ್ಮಂಡು ಬಿಟ್ಟು ರಾಮೆಛಾಪ್‌ನ ಮಂಥಲಿಯಿಂದ ಹೊರಡುತ್ತವೆ. ಅಲ್ಲಿಗೆ ತಲುಪೋಕೆ ನಡುರಾತ್ರಿ ಜೀಪ್ ಹತ್ತಬೇಕು. ನಮಗೆ ಬ್ಯಾಗ್ 10 ಕೆಜಿ, ಕೈಚೀಲ 5 ಕೆಜಿ ಅಂದಿದ್ದರು, ಮೇಲಿನದಕ್ಕೆ ಕಾಸು. ಬ್ಯಾಗ್ ಇಳಿಸಿದ ಮೇಲೆ ಅದೇ ತಕ್ಕಡಿ ಮೇಲೆ ನಾವು, ಬೂಟು, ಜಾಕೆಟ್, ಹೆಗಲ ಚೀಲ ಸಮೇತ! ನನ್ನ ಮುಂದಿದ್ದವನು ಬ್ಯಾಗ್ ಹಗುರ ಮಾಡೋಕೆ ಪವರ್ ಬ್ಯಾಂಕು, ಲೆನ್ಸು ಎಲ್ಲ ಜೇಬಿಗೆ ತುರುಕಿಕೊಂಡಿದ್ದ, ಪಾಪ, ಎಲ್ಲ ಲೆಕ್ಕಕ್ಕೆ ಬಂತು. ಕೌಂಟರಿನ ಹುಡುಗ ನನ್ನ 91ನ್ನು ಇಡೀ ಕ್ಯೂಗೆ ಕೇಳುವಂತೆ ಕೂಗಿ, ಬೋರ್ಡಿಂಗ್ ಪಾಸ್ ಮೂಲೆಯಲ್ಲಿ ನೀಲಿ ಪೆನ್ನಲ್ಲಿ ಬರೆದುಕೊಟ್ಟ. ತೂಕ ನೋಡಲಿ, ಬೇಡ ಅಂದವರು ಯಾರು, ಕೂಗೋದು ಯಾಕೆ? ಒಂದು ಸ್ಟಾರ್ ಕಟ್.

ಆದರೆ ತೂಗುವುದು ನೂರಕ್ಕೆ ನೂರು ಸರಿ. ದೊಡ್ಡ ವಿಮಾನದಲ್ಲಿ ನಮ್ಮನ್ನು ತೂಗುವುದಿಲ್ಲ, ಸರಾಸರಿ ಹಿಡಿಯುತ್ತಾರೆ. ಯುರೋಪಿನ ನಿಯಮದಲ್ಲಿ ದೊಡ್ಡ ವಿಮಾನಕ್ಕೆ ತಲೆಗೆ 84 ಕೆಜಿ, ಕೈಚೀಲ ಸೇರಿ. ಮಕ್ಕಳಿಗೆ 35. ನೂರೆಂಬತ್ತು ಜನರಲ್ಲಿ ದಪ್ಪ ಸಣ್ಣ ಎಲ್ಲ ಸರಿಹೋಗುತ್ತದೆ. 10ರಿಂದ 19 ಸೀಟಿನ ವಿಮಾನವಾದರೆ ಅದೇ ನಿಯಮದಲ್ಲಿ ಗಂಡಸಿಗೆ 92. ಇರೋದೇ ಹತ್ತು ಹದಿನೈದು ಜನ, ಎಲ್ಲರೂ ನನ್ನಂಥವರೇ ಆಗಿಬಿಟ್ಟರೆ ಸರಾಸರಿ ಕೈಕೊಡುತ್ತದೆ ಅಲ್ವಾ. 2003ರಲ್ಲಿ ಅಮೆರಿಕದ ಷಾರ್ಲೆಟ್‌ನಲ್ಲಿ 19 ಸೀಟಿನ ಬೀಚ್‌ಕ್ರಾಫ್ಟ್ ಬಿದ್ದು 21 ಜನ ಸತ್ತರು. ಬಾಲದ ಕಂಟ್ರೋಲ್ ತಪ್ಪಾಗಿ ಹೊಂದಿಸಿದ್ದು ಒಂದು ಕಾರಣ, ಹಳೇ ಸರಾಸರಿ ನಂಬಿ ಹಿಂಭಾಗಕ್ಕೆ ಭಾರ ಜಾಸ್ತಿಯಾಗಿದ್ದು ಇನ್ನೊಂದು. 2020ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಒಂದು ವಿಮಾನದಲ್ಲಂತೂ ‘ಮಿಸ್’ ಅಂತ ಬುಕ್ ಮಾಡಿದ ವಯಸ್ಕ ಹೆಂಗಸರನ್ನು ಸಾಫ್ಟ್‌ವೇರ್ ಮಕ್ಕಳು ಅಂದುಕೊಂಡಿತ್ತು. ಲೆಕ್ಕದಲ್ಲಿ 1,200 ಕೆಜಿಗೂ ಜಾಸ್ತಿ ಮಾಯ! ಪುಣ್ಯಕ್ಕೆ ಏನೂ ಆಗಲಿಲ್ಲ.

ಲುಕ್ಲಾದಲ್ಲಿ ಅಂಥ ಆಟ ನಡೆಯುವುದಿಲ್ಲ. ರನ್‌ವೇ ಬರೀ 527 ಮೀಟರ್, ಒಂದು ತುದಿಯಲ್ಲಿ ಗೋಡೆ, ಇನ್ನೊಂದರಲ್ಲಿ ಕಣಿವೆ. ಎತ್ತರ 2,800 ಮೀಟರ್ ಮೇಲೆ, ಗಾಳಿ ತೆಳು. ನಾವು ಹತ್ತಿದ ಟ್ವಿನ್ ಓಟರ್ ಅನ್ನೋ ಪುಟ್ಟ ವಿಮಾನ ಎಲ್ಲ ಸೇರಿ 5,670 ಕೆಜಿ ಮೀರಿ ಏಳುವಂತಿಲ್ಲ. ಪೈಲಟ್‌ಗಳು, ಏರ್ ಹೋಸ್ಟೆಸ್ ತೂಕ ಪ್ರಯಾಣಿಕರ ಲೆಕ್ಕಕ್ಕೆ ಬರುವುದಿಲ್ಲ, ಮೊದಲೇ ವಿಮಾನದ ತೂಕಕ್ಕೇ ಸೇರಿಸಿರುತ್ತಾರೆ. ಉಳಿದದ್ದರಲ್ಲಿ ನಾವು, ನಮ್ಮ ಬ್ಯಾಗು, ಇಂಧನ.

ಹಿಮಾಲಯ ಕಾಣಲಿ ಅಂತ ಓಡಿಹೋಗಿ ಎಡಗಡೆ ಹಿಂದಿನ ಸೀಟು ಹಿಡಿದಿದ್ದೆ. ಏರ್ ಹೋಸ್ಟೆಸ್ ಪಾಸ್ ಮೂಲೆಯ ನೀಲಿ ಅಂಕಿ ನೋಡಿದಳು, ನಗುತ್ತಲೇ ಮುಂದೆ ಬಲಗಡೆಗೆ ಕಳಿಸಿದಳು. ಭಾರ ಎಷ್ಟು ಅನ್ನೋದರಷ್ಟೇ ಎಲ್ಲಿ ಕೂತಿದೆ ಅನ್ನೋದೂ ಮುಖ್ಯ, ಜಗಳ ಆಡಬೇಡಿ. ಕಿವಿಗೆ ಹತ್ತಿ, ಬಾಯಿಗೆ ಚಾಕಲೇಟು ಕೊಟ್ಟಳು, ಅಷ್ಟೇ ಸಮಾಧಾನ.

ನಾಲ್ಕು ಸ್ಟಾರ್. ಬೇಡದ ಬಟ್ಟೆಯೆಲ್ಲ ಕಠ್ಮಂಡು ಹೋಟೆಲಲ್ಲೇ ಬಿಡಿ. ವಾಪಸ್ ಬರುವಾಗ ಭಾರ ಜಾಸ್ತಿಯಾದರೆ ಬ್ಯಾಗ್ ಮುಂದಿನ ವಿಮಾನಕ್ಕೆ ಹೋಗಬಹುದು. ಮಾತ್ರೆ, ಚಾರ್ಜರ್, ಒಂದು ಜೊತೆ ಒಳಬಟ್ಟೆ ಕೈಚೀಲದಲ್ಲೇ ಇರಲಿ.