ಪೋರ್ಟ್ ಸುಟ್ಟಿದೆ ಅಂದ ತಕ್ಷಣ ದುಡ್ಡು ಬಿಚ್ಚಬೇಡಿ

ಮೈಸೂರಿನಲ್ಲಿ ರಾಸ್ಪ್‌ಬೆರಿ ಪೈ (ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್) ರಿಪೇರಿಗೆ ಕೊಡೋರು ದಯವಿಟ್ಟು ಓದಿ. ನನಗಂತೂ ಚೆನ್ನಾಗಿ ಟೋಪಿ ಹಾಕಿದರು.

ಮಳವಳ್ಳಿ ಕಡೆ ನಮ್ಮ ರೇಷ್ಮೆ ಹುಳು ಮನೆಯಲ್ಲಿ ಶಾಖ, ತೇವ ನೋಡೋಕೆ ಪೈ 4 ಇಟ್ಟಿದ್ದೇನೆ. ಅದಕ್ಕೊಂದು ಎಸ್‌ಎಚ್‌ಟಿ31 ಸೆನ್ಸರ್; ಅದು ಪೈ ಜೊತೆ ಮಾತಾಡೋದು ಐ2ಸಿ ಅನ್ನೋ ಎರಡು ತಂತಿಯ ದಾರಿಯಲ್ಲಿ. ಕರೆಂಟ್ ಹೋಗಿ ಬಂದು ಮೆಮೊರಿ ಕಾರ್ಡ್ ಕೆಟ್ಟಿತ್ತು, ಅಷ್ಟೇ. ಅಂಗಡಿಯವರು ಹೊಸ ಕಾರ್ಡ್‌ಗೆ ಬುಕ್‌ವರ್ಮ್ (ಪೈನ ಓಎಸ್‌ನ ಒಂದು ಆವೃತ್ತಿ) ಹಾಕಿ ಕೊಟ್ಟರು. ತಂದು ಆನ್ ಮಾಡಿದರೆ ಸೆನ್ಸರ್ ಪತ್ತೆಯೇ ಇಲ್ಲ.

ವಾಪಸ್ ಒಯ್ದೆ. ಒಳಗೆ ತಗೊಂಡು ಹೋಗಿ ಸ್ವಲ್ಪ ಹೊತ್ತಿಗೆ ಬಂದರು. "ಐ2ಸಿ ಪೋರ್ಟ್ ಸುಟ್ಟಿದೆ ಸಾರ್. ನಾವು ಕಾನ್ಫಿಗ್ ಸೆಟ್ಟಿಂಗ್ಸ್‌ನಲ್ಲೂ ಆನ್ ಮಾಡಿ ನೋಡಿದ್ವಿ. ಬೋರ್ಡೇ ಬದಲಾಯಿಸಬೇಕು." ಹುಳು ನಾಲ್ಕನೇ ಜ್ವರ (ಪೊರೆ ಬಿಡೋ ಹಂತ) ಎದ್ದಿದ್ದವು. ಶಾಖ 25 ಡಿಗ್ರಿ ದಾಟದ ಹಾಗೆ ನೋಡಿಕೊಳ್ಳಬೇಕು. ವಾದ ಮಾಡೋ ಹೊತ್ತಾ ಅದು? ಹೊಸ ಬೋರ್ಡ್, ಜೊತೆಗೆ ಇನ್ನೊಂದು ಕಾರ್ಡ್ ತಗೊಂಡು ಐದು ಸಾವಿರದ ಮೇಲೆ ಕೊಟ್ಟೆ. ಬಿಲ್ ಕೇಳಿದರೆ "ಜಿಎಸ್‌ಟಿ ಸೇರಿದ್ರೆ ಜಾಸ್ತಿ ಆಗುತ್ತೆ ಸಾರ್" ಅಂದರು.

ಗೂಡು ಮಾರಿದ ಮೇಲೆ, ಸುಮ್ನೆ, ಹೊಸ ಬೋರ್ಡ್‌ನ ಕಾರ್ಡನ್ನು 'ಸುಟ್ಟ' ಬೋರ್ಡ್‌ಗೆ ಹಾಕಿದೆ. ಐ2ಸಿಯಲ್ಲಿ ಏನೇನು ಜೋಡಿಸಿದೆ ಅಂತ ಹುಡುಕೋ ಐ2ಸಿಡಿಟೆಕ್ಟ್ ಕಮಾಂಡ್ ಓಡಿಸಿದರೆ ಚುಕ್ಕಿಗೆರೆಗಳ ನಡುವೆ 44 ಅನ್ನೋ ವಿಳಾಸ ಬಂತು. ಅದೇ ನನ್ನ ಸೆನ್ಸರ್. ಮೈಯೆಲ್ಲಾ ಉರಿದುಹೋಯಿತು.

ಅಂಗಡಿಯವರು ಮೊದಲು ಕೊಟ್ಟ ಕಾರ್ಡ್ ಬಿಚ್ಚಿ ನೋಡಿದೆ. ಬೂಟ್ ಫೋಲ್ಡರ್‌ನ ಹಳೇ ಕಾನ್ಫಿಗ್ ಫೈಲ್‌ನಲ್ಲಿ 'ಈ ಫೈಲ್ ತಿದ್ದಬೇಡಿ, ಜಾಗ ಬದಲಾಗಿದೆ' ಅಂತ ಇಂಗ್ಲಿಷಿನಲ್ಲಿ ದೊಡ್ಡಕ್ಷರದಲ್ಲಿದೆ. ಅದರ ಕೆಳಗೇ ಇವರು ಐ2ಸಿ ಆನ್ ಸಾಲು ಬರೆದಿದ್ದಾರೆ! 2023ರಲ್ಲಿ ಬಂದ ಬುಕ್‌ವರ್ಮ್‌ನಿಂದ ಆ ಫೈಲ್ ಬೂಟ್ ಒಳಗಿನ ಫರ್ಮ್‌ವೇರ್ ಫೋಲ್ಡರ್‌ಗೆ ಹೋಗಿದೆ. ಅಲ್ಲಿ ಆ ಸಾಲಿನ ಮುಂದೆ ಹ್ಯಾಶ್ ಗುರುತು ಹಾಗೇ ಇತ್ತು, ಅಂದರೆ ಸಾಲು ಆಫ್ ಇದ್ದ ಹಾಗೆ. ಎರಡನೇ ಕಾರ್ಡ್‌ನಲ್ಲಿ ಸರಿಯಾದ ಜಾಗದಲ್ಲೇ ಹ್ಯಾಶ್ ತೆಗೆದಿದ್ದಾರೆ. ಅಂದರೆ ಗೊತ್ತಾಗಿದೆ. ಗೊತ್ತಾದ ಮೇಲೂ ಬೋರ್ಡ್ ಮಾರಿದರು!

ಫೋನ್ ಮಾಡಿದೆ. "ಕೆಲವು ಸಲ ಬೋರ್ಡ್ ತಣ್ಣಗಾದ್ರೆ ತಾನಾಗೇ ಸರಿಹೋಗುತ್ತೆ ಸಾರ್." ಸುಟ್ಟಿದ್ದು ತಣ್ಣಗಾದರೆ ಸರಿಹೋಗುತ್ತಂತೆ! "ಈಗ ನಡೀತಿದೆ ತಾನೆ? ಸ್ಪೇರ್ ಇಟ್ಕೊಳಿ." ದುಡ್ಡು ವಾಪಸ್ ಕೇಳಿದೆ. "ಬಿಲ್ ಇದ್ಯಾ ಸಾರ್?" ಬಿಲ್ ಕೊಡದವನೇ ಬಿಲ್ ಕೇಳ್ತಾನೆ.

ಸುಟ್ಟಿದೆ ಅಂದರೆ ನಿಮ್ಮೆದುರೇ ಐ2ಸಿಡಿಟೆಕ್ಟ್ ಓಡಿಸಲು ಹೇಳಿ. ಬಸ್ 1ರ (ಸೆನ್ಸರ್ ಜೋಡಿಸೋ ಐ2ಸಿ ದಾರಿಯ) ಫೈಲೇ ಇಲ್ಲ ಅಂತ ಬಂದರೆ ಮೊದಲು ಕಾನ್ಫಿಗ್ ನೋಡಿ. ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನಲ್ಲಿ ಏನೇನಿದೆ ಅನ್ನೋ ಪಟ್ಟಿ) ಆ ಬಸ್‌ನ ಸ್ಟೇಟಸ್ 'ಡಿಸೇಬಲ್ಡ್' ಅಂತಿದ್ದರೆ ಕರ್ನಲ್ (ಓಎಸ್‌ನ ತಿರುಳು) ಆ ಕಡೆ ತಿರುಗಿಯೂ ನೋಡಲ್ಲ. ಬಸ್ ಇದ್ದೂ ನಂಬರ್ ಬರದಿದ್ದರೆ ವೈರು, ಸೆನ್ಸರ್ ನೋಡಿ. ಹಳೇ ಬೋರ್ಡ್, ಹಳೇ ಕಾರ್ಡ್ ಯಾವ ಕಾರಣಕ್ಕೂ ಅಂಗಡಿಯಲ್ಲಿ ಬಿಟ್ಟು ಬರಬೇಡಿ. ನನ್ನದನ್ನೂ "ಸ್ಕ್ರ್ಯಾಪ್ ಅಲ್ವಾ ಸಾರ್, ಇಲ್ಲೇ ಇರಲಿ" ಅಂದಿದ್ದರು.