ಬಾಯಲ್ಲಿ ಹೇಳಿದ್ದು ಫಾರ್ಮಿಗೆ ಇಳಿಯಲಿಲ್ಲ: ಹೆಲ್ತ್ ಇನ್ಶೂರೆನ್ಸ್ ಮಾಡಿಸಿದವರು ಒಮ್ಮೆ ಓದಿ

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ. ಹದಿನಾಲ್ಕು ವರ್ಷದಿಂದ ಊರವರ ಪಹಣಿ, ಆಧಾರ್, ರೇಷನ್ ಕಾರ್ಡು, ಇನ್ಶೂರೆನ್ಸ್ ಪೇಪರು ಎಲ್ಲ ನನ್ನ ಮೆಷಿನ್ ಮೇಲೆ ಮಲಗೆದ್ದು ಹೋಗಿವೆ. ಆದರೆ ನನ್ನ ಅಮ್ಮನ ಪಾಲಿಸಿ ಪೇಪರನ್ನು ನಾನು ಮೊದಲ ಸಲ ನೆಟ್ಟಗೆ ಓದಿದ್ದು ಕ್ಲೇಮು ರಿಜೆಕ್ಟ್ ಆದ ಮೇಲೆ. ಅಷ್ಟು ಹೊತ್ತಿಗೆ 3,42,000 ರೂಪಾಯಿ ಕೈಬಿಟ್ಟಿತ್ತು.

2021ರ ಮೇ ತಿಂಗಳು. ಕೊರೊನಾ ಎರಡನೇ ಅಲೆ. ಆಸ್ಪತ್ರೆ ಬಿಲ್ಲಿನ ಕಥೆಗಳನ್ನು ಕೇಳಿ ಊರಿಗೆ ಊರೇ ಇನ್ಶೂರೆನ್ಸ್ ಮಾಡಿಸುತ್ತಿತ್ತು. ನನ್ನ ಅಂಗಡಿಗೆ ದಿನಾ ಟೀ ಹೊತ್ತಿಗೆ ಬರುವ ಒಬ್ಬರು ಏಜೆಂಟ್ ಆಗಿದ್ದರು. ಹೊರಗಿನವರಲ್ಲ, ನಮ್ಮ ಕಡೆಯವರೇ, ಮನೆಯ ಎಲ್ಲ ಕಾರ್ಯಕ್ಕೂ ಬಂದು ಊಟ ಮಾಡಿ ಹೋಗುವವರು. ಅಮ್ಮನ ಹೆಸರಿಗೆ 3 ಲಕ್ಷದ ಪಾಲಿಸಿ ಮಾಡಿಸೋಣ ಅಂದರು. ಸರಿ ಅಂದೆ.

"ಅಮ್ಮಂಗೆ ಬಿಪಿ ಇದೆ ಕಣಪ್ಪ, ನಾಲ್ಕೈದು ವರ್ಷದಿಂದ ಮಾತ್ರೆ ತಗೋತಾರೆ" ಅಂತ ನಾನು ಹೇಳಿದ್ದೇನೆ. ಬೇಕಾದರೆ ದೇವರ ಮುಂದೆಯೂ ಹೇಳುತ್ತೇನೆ. ಅದಕ್ಕೆ ಅವರು, "ಅಯ್ಯೋ ಅದೆಲ್ಲ ಯಾರಿಗಿಲ್ಲ ಅಣ್ಣ? ಬರೆದ್ರೆ ಟೆಸ್ಟ್ ಮಾಡಿಸು ಅಂತಾರೆ, ಪ್ರೀಮಿಯಂ ಜಾಸ್ತಿ ಆಗುತ್ತೆ. ಮೂರು ವರ್ಷ ಕಳೆದ್ರೆ ಯಾರೂ ಏನೂ ಕೇಳಲ್ಲ" ಅಂದರು. ಫಾರ್ಮು ಇಂಗ್ಲಿಷಿನಲ್ಲಿತ್ತು. ಖಾಲಿ ಇತ್ತು. ಎಲ್ಲೆಲ್ಲಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದರೋ ಅಲ್ಲಲ್ಲಿ ಅಮ್ಮ ಸಹಿ ಹಾಕಿದರು. ಉಳಿದದ್ದನ್ನು ಆಮೇಲೆ ತುಂಬ್ತೀನಿ ಅಂತ ಎತ್ತಿಕೊಂಡು ಹೋದರು. ಅದರ ಒಂದು ಜೆರಾಕ್ಸ್ ತೆಗೆದಿಟ್ಟುಕೊಳ್ಳಬೇಕು ಅಂತ ಜೆರಾಕ್ಸ್ ಅಂಗಡಿಯವನಿಗೇ ಹೊಳೆಯಲಿಲ್ಲ ನೋಡಿ!

2024ರ ಜುಲೈ. ರಾತ್ರಿ ಊಟಕ್ಕೆ ಕೂತಾಗ ಅಮ್ಮನ ಕೈಯಿಂದ ತುತ್ತು ಜಾರಿತು. ಎತ್ತಿಕೊಳ್ಳೋಕೆ ಹೋದರು, ಬೆರಳು ಮಡಚಲಿಲ್ಲ. ಬಾಯಿ ಒಂದು ಕಡೆ ವಾಲಿತು. ಊರಿನ ಡಾಕ್ಟರು ಸ್ಟ್ರೋಕ್, ತಡ ಮಾಡಬೇಡಿ ಅಂದರು. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆ ಸೇರುವಾಗ ರಾತ್ರಿ ಒಂದೂವರೆ.

ಎಮರ್ಜೆನ್ಸಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಕೇಳಿದರು, "ಬಿಪಿ ಇದೆಯಾ? ಎಷ್ಟು ವರ್ಷದಿಂದ?" "ಎಂಟು ವರ್ಷ ಆಯ್ತು ಸಾರ್" ಅಂದೆ. ಅವರು ಬರೆದುಕೊಂಡರು. ಡಾಕ್ಟರ ಹತ್ತಿರ ಸುಳ್ಳು ಹೇಳೋಕಾಗುತ್ತಾ? ಅಮ್ಮನ ಜೀವದ ಪ್ರಶ್ನೆ. ಆ ಒಂದು ಸಾಲೇ ನನ್ನ ಕ್ಲೇಮನ್ನು ಮುಗಿಸಿತು.

ಮೊದಲಿಗೆ ಕ್ಯಾಶ್‌ಲೆಸ್ಸಿಗೆ, ಅಂದರೆ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟೋದಕ್ಕೆ, 50,000 ಮಂಜೂರಾಗಿದೆ ಅಂತ ಮೆಸೇಜ್ ಬಂತು. ನಾವು ನಿರಾಳ. ನರ್ಸು "ಇನ್ಶೂರೆನ್ಸ್ ಇದೆಯಲ್ವಾ, ಸಿಂಗಲ್ ರೂಮ್ ತಗೊಳ್ಳಿ" ಅಂದರೆ ಅದಕ್ಕೂ ಹೂಂ ಅಂದೆವು. ಈ ರೂಮಿನ ಕಥೆ ಬೇರೆಯೇ ಇದೆ, ಆಮೇಲೆ ಹೇಳುತ್ತೇನೆ. ಒಂಬತ್ತನೇ ದಿನ ಬೆಳಿಗ್ಗೆ ಹತ್ತಕ್ಕೆ ಡಿಸ್ಚಾರ್ಜ್ ಅಂದರು. ಹನ್ನೆರಡಾಯಿತು, ಎರಡಾಯಿತು. ಇನ್ಶೂರೆನ್ಸ್ ಡೆಸ್ಕಿನ ಹುಡುಗಿ ಪ್ರತಿ ಸಲವೂ "ಕ್ವೆರಿ ಬಂದಿದೆ ಸರ್" ಅನ್ನುತ್ತಿದ್ದಳು. ಸಂಜೆ ಐದಕ್ಕೆ ಉತ್ತರ ಬಂತು. ಬಿಪಿ ಇದ್ದದ್ದನ್ನು ಮುಚ್ಚಿಟ್ಟಿದ್ದೀರಿ, ಕ್ಲೇಮ್ ತಿರಸ್ಕರಿಸಲಾಗಿದೆ, ಮೊದಲು ಕೊಟ್ಟ 50,000ದ ಮಂಜೂರಾತಿಯೂ ವಾಪಸ್.

ಹೆಂಡತಿಯ ಸರ, ಎರಡು ಬಳೆ ಅಡ ಹೋದವು. ಒಂದು ಚೀಟಿ ಎತ್ತಿದೆ. ರಾತ್ರಿ ಹತ್ತಕ್ಕೆ ಅಮ್ಮನನ್ನು ಕರೆದುಕೊಂಡು ಹೊರಟೆವು. ದಾರಿಯಲ್ಲಿ ಅಮ್ಮ ತೊದಲುತ್ತಾ, "ನಾನು ಬಿಪಿ ಮಾತ್ರೆ ನುಂಗಿದ್ದೇ ತಪ್ಪಾಯ್ತೇನೋ" ಅಂದರು. ಆ ಮಾತನ್ನು ನನಗೆ ಇವತ್ತಿಗೂ ಮರೆಯೋಕೆ ಆಗಿಲ್ಲ.

ಪಾಲಿಸಿ ಕಂತೆಯನ್ನು ಓದಿದ್ದು ಆಮೇಲೆ. ಕೊನೆಯಲ್ಲಿ ಪ್ರಪೋಸಲ್ ಫಾರ್ಮಿನ, ಅಂದರೆ ಅಮ್ಮ ಸಹಿ ಹಾಕಿದ್ದ ಆ ಅರ್ಜಿಯ ನಕಲೂ ಇತ್ತು, ಮೂರು ವರ್ಷದಿಂದ ಬೀರುವಿನಲ್ಲೇ ಇತ್ತು. ಬಿಪಿ, ಸಕ್ಕರೆ ಕಾಯಿಲೆ, ಹೃದಯ, ಥೈರಾಯ್ಡ್, ಎಲ್ಲದಕ್ಕೂ ಸಾಲಾಗಿ 'ಇಲ್ಲ' ಅಂತ ಟಿಕ್. ಕೆಳಗೆ ಅಮ್ಮನ ಸಹಿ.

ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ಆ ಪಾಲಿಸಿಯಲ್ಲಿ, ಮೊದಲೇ ಇದ್ದು ಫಾರ್ಮಿನಲ್ಲಿ ಹೇಳಿದ ಕಾಯಿಲೆಗೆ ದುಡ್ಡು ಸಿಗೋಕೆ ಕಾಯಬೇಕಾದದ್ದು 3 ವರ್ಷ. ನಾವು ಪಾಲಿಸಿ ಮಾಡಿಸಿ ಆಗಲೇ 38 ತಿಂಗಳಾಗಿತ್ತು. ಅಂದರೆ ಅವತ್ತು ಬಿಪಿ ಇದೆ ಅಂತ ಬರೆದು ಪಾಲಿಸಿ ಸಿಕ್ಕಿದ್ದರೆ, ಈ ಬಿಪಿ ನೆಪ ಹೇಳೋಕೆ ಅವರಿಗೆ ದಾರಿಯೇ ಇರುತ್ತಿರಲಿಲ್ಲ! ಏಜೆಂಟ್ ಹೇಳಿದ 'ಮೂರು ವರ್ಷ' ನಿಜವೇ, ಆದರೆ ಅದು ಹೇಳಿಕೊಂಡ ಕಾಯಿಲೆಗೆ. ಹೇಳದೇ ಇದ್ದದ್ದನ್ನು ಕಂಪನಿ ಕೆದಕಬಾರದು ಅನ್ನುವ ನಿಯಮವೂ ಇದೆ, ಅದಕ್ಕೆ ಸತತ 60 ತಿಂಗಳು ಆಗಬೇಕು. 2024ರ ಮೊದಲು 8 ವರ್ಷ ಇತ್ತು, ಈಗ 5 ಮಾಡಿದ್ದಾರೆ. ಆಮೇಲೂ ಮೋಸ ಅಂತ ಸಾಬೀತು ಮಾಡಿದರೆ ಬಿಡುವುದಿಲ್ಲ.

ಈಗ ರೂಮಿನ ವಿಷಯ. ನಮ್ಮ ಪಾಲಿಸಿಯಲ್ಲಿ ರೂಮಿಗೆ ದಿನಕ್ಕೆ ಮೊತ್ತದ ಶೇ. 1, ಅಂದರೆ 3,000 ಮಾತ್ರ. ನಾವಿದ್ದದ್ದು 6,000ದ ರೂಮು. ಹೆಚ್ಚಾದ 3,000 ನಾವು ಕೊಟ್ಟರೆ ಮುಗೀತಲ್ಲ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ರೂಮು ದುಬಾರಿ ಆದರೆ ಡಾಕ್ಟರ್ ಫೀಸು, ನರ್ಸಿಂಗ್, ಆಪರೇಷನ್ ಥಿಯೇಟರ್ ಬಾಡಿಗೆ ಇವನ್ನೂ ಅದೇ ಲೆಕ್ಕದಲ್ಲಿ ಕತ್ತರಿಸುತ್ತಾರೆ. ನಮ್ಮದರಲ್ಲಿ ಅರ್ಧಕ್ಕರ್ಧ. ಔಷಧಿ, ಸ್ಕ್ಯಾನು, ಐಸಿಯು ಚಾರ್ಜಿಗೆ ಈ ಕತ್ತರಿ ಹಾಕುವಂತಿಲ್ಲ, ಅಷ್ಟೇ ಪುಣ್ಯ. ಗ್ಲೌಸು, ಮಾಸ್ಕು ಇತ್ಯಾದಿ ಕೊಡದ ಸಾಮಾನಿನದ್ದೇ ಬೇರೆ ಪಟ್ಟಿ ಇದೆ, 68 ಐಟಂ. ಕ್ಲೇಮ್ ಪಾಸಾಗಿದ್ದರೂ ನನಗೆ ಪೂರ್ತಿ ದುಡ್ಡು ಬರುತ್ತಿರಲಿಲ್ಲ.

ಕಂಪನಿಗೆ ದೂರು ಕೊಟ್ಟೆ. ಅದೇ ಉತ್ತರ. ಆಮೇಲೆ ಇನ್ಶೂರೆನ್ಸ್ ದೂರುಗಳನ್ನು ತೀರ್ಮಾನ ಮಾಡುವ ಇನ್ಶೂರೆನ್ಸ್ ಒಂಬುಡ್ಸ್‌ಮನ್‌ಗೆ ಹೋದೆ. ಕರ್ನಾಟಕದವರಿಗೆ ಬೆಂಗಳೂರಿನಲ್ಲೇ ಕಚೇರಿ ಇದೆ. ಫೀಸಿಲ್ಲ, ಲಾಯರ್ ಬೇಕಿಲ್ಲ, 50 ಲಕ್ಷದವರೆಗಿನ ಕೇಸು ನೋಡುತ್ತಾರೆ. ಕಂಪನಿ ಉತ್ತರ ಕೊಟ್ಟ ಒಂದು ವರ್ಷದೊಳಗೆ ಹೋಗಬೇಕು. 30 ದಿನವಾದರೂ ಉತ್ತರ ಕೊಡದೆ ಕೂತರೂ ಹೋಗಬಹುದು. ನನ್ನ ಮಾತನ್ನು ಸಮಾಧಾನವಾಗಿಯೇ ಕೇಳಿದರು. ಆದರೆ "ಸಹಿ ನಿಮ್ಮ ತಾಯಿಯದ್ದೇ ತಾನೇ?" ಅನ್ನುವ ಪ್ರಶ್ನೆಗೆ ಹೌದು ಅನ್ನದೆ ಬೇರೆ ದಾರಿ ಇರಲಿಲ್ಲ. ಸೋತೆ. ನಿಮ್ಮ ಕಡೆ ನ್ಯಾಯ ಇದ್ದರೆ ಮಾತ್ರ ಅಲ್ಲಿಗೆ ಹೋಗದೆ ಬಿಡಬೇಡಿ. ಇನ್ಶೂರೆನ್ಸ್ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐಯ ಬಿಮಾ ಭರೋಸಾ ವೆಬ್‌ಸೈಟಿನಲ್ಲೂ ದೂರು ಹಾಕಬಹುದು, ಫೋನ್ 155255.

ಡಿಸ್ಚಾರ್ಜ್ ದಿನ ಗೊತ್ತಿದ್ದರೆ ಜಗಳ ಆಡಬಹುದಾಗಿದ್ದ ನಿಯಮವೂ ಒಂದಿತ್ತು. 2024ರ ಮೇ ಕೊನೆಯಲ್ಲಿ ಬಂದ ಐಆರ್‌ಡಿಎಐ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜಿಗೆ ಮೂರು ಗಂಟೆಯಲ್ಲಿ ಕಂಪನಿ ಉತ್ತರ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚಿಗೆ ದುಡ್ಡು ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಏಳು ಗಂಟೆ ಕಾದ ನಮಗೆ ಇದನ್ನು ಯಾರೂ ಹೇಳಲಿಲ್ಲ.

ತಪ್ಪು ನಮ್ಮದೂ ಇದೆ, ಒಪ್ಪುತ್ತೇನೆ. ಆದರೆ ಈ ವ್ಯವಸ್ಥೆಯೇ ತಪ್ಪು ಮಾಡಿಸುವ ಹಾಗಿದೆ. ನಮ್ಮಂಥ ಊರಿನಲ್ಲಿ ಅರ್ಧ ಜನಕ್ಕೆ ಓದೋಕೆ ಬಾರದ ಭಾಷೆಯಲ್ಲಿ ಫಾರ್ಮು ಕೊಟ್ಟು, ಕಮಿಷನ್ ಸಿಗುವವರ ಕೈಯಲ್ಲೇ ತುಂಬಿಸಿದರೆ ಇನ್ನೇನಾಗುತ್ತೆ? ಪಾಲಿಸಿಯ ಮುಖ್ಯ ಅಂಶಗಳ ಹಾಳೆಯನ್ನು ಕೇಳಿದರೆ ಕನ್ನಡದಲ್ಲೂ ಕೊಡಬೇಕು ಅಂತ 2024ರಿಂದ ನಿಯಮ ಇದೆ. ಆದರೆ ಅದು ಕೇಳಿದವರಿಗೆ ಮಾತ್ರ. ಕೇಳಬಹುದು ಅಂತ ಗೊತ್ತಿರೋದು ಎಷ್ಟು ಜನಕ್ಕೆ? ಪ್ರಪೋಸಲ್ ಫಾರ್ಮೂ ಕನ್ನಡದಲ್ಲೇ ಬರಲಿ. ಸಹಿ ಹಾಕಿಸುವ ಮುಂಚೆ ಕಂಪನಿಯವರೇ ಫೋನ್ ಮಾಡಿ, ಯಾವ ಮಾತ್ರೆ ತಗೋತೀರಿ ಅಂತ ಕನ್ನಡದಲ್ಲಿ ಕೇಳಿ ರೆಕಾರ್ಡ್ ಮಾಡಿಕೊಳ್ಳಲಿ.

ಆಸ್ಪತ್ರೆ ಕಡೆಗೂ ಯಾರಾದರೂ ಕೇಳೋರು ಬೇಕು. ಇನ್ಶೂರೆನ್ಸ್ ಕಂಪನಿಗೆ ಐಆರ್‌ಡಿಎಐ ಇದೆ, ಆಸ್ಪತ್ರೆಯ ದರಕ್ಕೆ ಯಾರಿದ್ದಾರೆ? 2017ರಲ್ಲಿ ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆಗಳ ಕೆಪಿಎಂಇ ಕಾಯ್ದೆ ತಿದ್ದುಪಡಿಗೆ ಹೊರಟಾಗ ಖಾಸಗಿ ಡಾಕ್ಟರುಗಳು ಮುಷ್ಕರ ಮಾಡಿದ್ದು ನೆನಪಿರಬೇಕು. ದರ ನಿಗದಿ ಅನ್ನೋದು ಕೊನೆಗೆ ಸರ್ಕಾರಿ ಯೋಜನೆಯ ಚಿಕಿತ್ಸೆಗಷ್ಟೇ ಉಳಿಯಿತು. ಮಿಕ್ಕವರಿಗೆ ಗೋಡೆ ಮೇಲೆ ದರಪಟ್ಟಿ ಇರಬೇಕು, ಅಷ್ಟೇ. ನಾನಂತೂ ಆ ಒಂಬತ್ತು ದಿನದಲ್ಲಿ ಒಂದು ಪಟ್ಟಿಯನ್ನೂ ಕಾಣಲಿಲ್ಲ.

ಇನ್ನೊಂದು ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಅಂತ ಎಲ್ಲರಿಗೂ ಗೊತ್ತು. ಎಪಿಎಲ್ ಕಾರ್ಡಿನವರಿಗೂ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತೆ ಅಂತ ನನಗೇ ಗೊತ್ತಿರಲಿಲ್ಲ. ಯೋಜನೆಯಲ್ಲಿರುವ ಆಸ್ಪತ್ರೆಗೇ ಹೋಗಬೇಕು. ತುರ್ತು ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಅಡ್ಮಿಟ್ ಮಾಡುವಾಗಲೇ ಆರೋಗ್ಯಮಿತ್ರ, ಅಂದರೆ ಈ ಯೋಜನೆಗೆ ಸಹಾಯ ಮಾಡೋರು, ಯಾರು ಅಂತ ವಿಚಾರಿಸಿ. ಮನೆಯಲ್ಲಿ 70 ದಾಟಿದವರಿದ್ದರೆ 2024ರ ಅಕ್ಟೋಬರಿನಲ್ಲಿ ಶುರುವಾದ ಕೇಂದ್ರದ ವಯ ವಂದನಾ ಆರೋಗ್ಯ ಕಾರ್ಡಿನ ಬಗ್ಗೆಯೂ ಕೇಳಿ ನೋಡಿ. ಸಹಕಾರಿ ಸೊಸೈಟಿ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಗೆ ಹೆಸರು ನೋಂದಣಿ ಯಾವಾಗ ಅಂತ ನೀವೇ ಹೋಗಿ ಕೇಳಿ, ಅವರಾಗಿ ಬಂದು ಹೇಳಲ್ಲ.

ಈಗಾಗಲೇ ಪಾಲಿಸಿ ಇರುವವರು ಇವತ್ತೇ ಪ್ರಪೋಸಲ್ ಫಾರ್ಮಿನ ಪುಟ ತೆಗೆದು ನೋಡಿ. ಸುಳ್ಳು ಟಿಕ್ ಇದ್ದರೆ ಕಂಪನಿಗೆ ಬರಹದಲ್ಲೇ ತಿಳಿಸಿ. ಪ್ರೀಮಿಯಂ ಏರಬಹುದು, ಹೊಸದಾಗಿ ಕಾಯಬೇಕು ಅನ್ನಬಹುದು, ಪಾಲಿಸಿಯನ್ನೇ ರದ್ದು ಮಾಡಲೂಬಹುದು. ಆಸ್ಪತ್ರೆ ಕೌಂಟರಿನಲ್ಲಿ ಗೊತ್ತಾಗುವುದಕ್ಕಿಂತ ಅದೇ ವಾಸಿ. ಹೊಸದಾಗಿ ಮಾಡಿಸಿದವರಿಗೆ ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಸಮಯ ಇದೆ, ಸರಿ ಇಲ್ಲ ಅನ್ನಿಸಿದರೆ ವಾಪಸ್ ಮಾಡಬಹುದು.

ಏಜೆಂಟ್ ಈಗಲೂ ಟೀಗೆ ಬರುತ್ತಾರೆ. ಮೊದಮೊದಲು ಮಾತು ಬಿಟ್ಟಿದ್ದೆ, ಸಣ್ಣ ಊರು, ಎಷ್ಟು ದಿನ ಅಂತ ಬಿಡೋದು. ಹೋದ ವಾರ ಒಬ್ಬ ಹೆಂಗಸು ಆಧಾರ್ ಜೆರಾಕ್ಸಿಗೆ ಬಂದರು. ಕವರಿನಿಂದ ಇನ್ಶೂರೆನ್ಸ್ ಫಾರ್ಮು ಇಣುಕುತ್ತಿತ್ತು. ಸಹಿ ಆಗಿತ್ತು, ಉಳಿದದ್ದೆಲ್ಲ ಖಾಲಿ. ಮೆಷಿನ್ ನಿಲ್ಲಿಸಿ, "ಅಕ್ಕ, ದಿನಾ ಯಾವ ಮಾತ್ರೆ ತಗೋತೀರಿ?" ಅಂತ ಕೇಳಿದೆ. "ಸಕ್ಕರೇದು" ಅಂದರು. ಸ್ಟೂಲ್ ಎಳೆದು ಕೂರಿಸಿ, ಪೆನ್ನು ಕೊಟ್ಟೆ.